ತೋಟದ ಮನಿಗೆ ಬರ್ರಿ



ಎರಡು ದಿನ ಬಿಡುವು ಸಿಕ್ಕರೆ ನಮ್ಮ ಭಾಗದ ಮನೆಗಳಲ್ಲಿ ಈಗ ಏಳುವ ಮಾತು ಗೋವಾದ್ದು, ಮಹಾಬಳೇಶ್ವರದ್ದು, ದಾಂಡೇಲಿಯದ್ದು. ಹೋಗಿ ಬರಲಿ, ಬೇಡವೆನ್ನುವುದಿಲ್ಲ. ಆದರೆ ತೇರದಾಳ, ರಬಕವಿ, ಬನಹಟ್ಟಿ, ಜಮಖಂಡಿಯಲ್ಲಿ ಕೂತು ಈ ಮಾತು ಕೇಳುತ್ತಿರುವವರಿಗೆ ನಾನು ಇಂದು ಹೇಳಬೇಕೆಂದಿರುವುದು ಊರ ಅಗಸಿ ದಾಟಿ ಅರ್ಧ ತಾಸು ಹೋದರೆ ಸಿಗುವ ಒಂದು ಜಾಗದ ವಿಷಯ. ಅದು ತೋಟದ ಮನೆ. ನಮ್ಮಲ್ಲಿ ಬಹಳ ಮಂದಿಗೆ ಅಲ್ಲೊಬ್ಬ ಕಾಕಾ ಇದ್ದಾನೆ, ಒಬ್ಬ ಮಾಮಾ ಇದ್ದಾನೆ, ಇಲ್ಲವೆ ಒಂದನೆಯ ಇಯತ್ತೆಯಿಂದ ಜೊತೆಗೆ ಓದಿದ ಗೆಳೆಯನಿದ್ದಾನೆ. ಅವರು ಕರೆದರೆ ನಾವು ಹೋಗುವುದಿಲ್ಲ, ಕೆಲವರು ಕರೆಯುವುದನ್ನೂ ಬಿಟ್ಟಿದ್ದಾರೆ. ನನಗೆ ಸಂಕಟವಾಗುವುದು ಇದಕ್ಕೇ.

ಕೃಷ್ಣಾ ತೀರದ ನಮ್ಮ ಊರುಗಳ ಕಟ್ಟೋಣವೇ ಬೇರೆ. ತೇರದಾಳದಿಂದ ತಮದಡ್ಡಿಯ ಕಡೆಗೆ ಹೋಗಿ, ಹಳಿಂಗಳಿ, ಹನಗಂಡಿ, ಸಸಾಲಟ್ಟಿಯ ದಾರಿ ಹಿಡಿಯಿರಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಮನೆಗಳು ಶುರುವಾಗುತ್ತವೆ. ಹೊಲಕ್ಕೊಂದು ಮನೆ. ಎದುರಿಗೆ ಒಂದು ಬೇವು, ಬಗಲಿಗೆ ದನದ ಕೊಟ್ಟಿಗೆ, ಬಣವಿ, ಬಾವಿ ಅಥವಾ ಬೋರು, ಅಂಗಳದಂಚಿಗೆ ನುಗ್ಗೆ ಮತ್ತು ಕರಿಬೇವು. ಗೋಡೆ ಕಲ್ಲಿನದಿರಬಹುದು, ಇಟ್ಟಂಗಿಯದಿರಬಹುದು. ಮೇಲೆ ಪತ್ರಾಸು, ಮುಂದೆ ಕಬ್ಬಿನ ರವದಿ ಹೊದಿಸಿದ ಒಂದು ಛಪ್ಪರ. ಊರಲ್ಲಿ ಹಿರಿಯರ ಮನೆ ಇದ್ದೂ ಸಂಸಾರ ಪೂರ್ತಿ ತೋಟದಲ್ಲೇ ಮಾಡುವ ರೈತರು ಇಲ್ಲಿ ಬೇಕಾದಷ್ಟು. ದನ ಕಾಯಬೇಕು, ರಾತ್ರಿ ಕರೆಂಟು ಬಂದಾಗ ನೀರು ತಿರುವಬೇಕು, ಹಾಲು ಹಿಂಡಬೇಕು. ಬೇರೆ ಕಡೆ ರೊಕ್ಕ ಸುರಿದು ಕಟ್ಟಿ ಬಾಡಿಗೆಗೆ ಕೊಡುವ ಹಳ್ಳಿಮನೆ ನಮ್ಮಲ್ಲಿ ಸುಮ್ಮನೆ ಇದೆ, ಬದುಕು ನಡೆಸುತ್ತ ಇದೆ.

ಯಾವಾಗ ಹೋಗಬೇಕು ಎಂದು ಕೇಳಿದರೆ ನಾನು ಹೇಳುವುದು ಎಳ್ಳಮವಾಸ್ಯೆಯಿಂದ ಮುಂದಿನ ಒಂದೂವರೆ ತಿಂಗಳು. ಎಳ್ಳಮವಾಸ್ಯೆಯ ದಿನ ಹೇಗೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಂಡು ಬರುತ್ತಾರೆ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಅಗಸಿ ಚಟ್ನಿ. ಆದರೆ ಅದು ಒಂದು ಹೊತ್ತಿನ ಹಬ್ಬ. ಉಂಡ ಕೈ ಒಣಗುವ ಮೊದಲೇ ಎಲ್ಲರೂ ಗಾಡಿ ಹತ್ತಿರುತ್ತಾರೆ. ನಾನು ಹೇಳುತ್ತಿರುವುದು ರಾತ್ರಿ ಉಳಿಯುವ ಮಾತು. ಶನಿವಾರ ಸಂಜೆಯ ಹೊತ್ತು ಇಳಿಯುವಾಗ ಹೋಗಬೇಕು, ಸೋಮವಾರ ಬೆಳಗಿನ ಹಾಲಿನ ಗಾಡಿಯ ಜೊತೆ ಊರಿಗೆ ಬರಬೇಕು.

ಉಳಿಯಬೇಕೆಂದು ಒತ್ತಿ ಹೇಳಲು ಕಾರಣವಿದೆ. ನಮ್ಮ ಈ ಊರುಗಳು ನೇಕಾರರ ಊರುಗಳು. ರಬಕವಿ ಬನಹಟ್ಟಿಯ ಓಣಿಗಳಲ್ಲಿ ನಡೆದರೆ ಸಾಕು, ಪವರ್‌ಲೂಮಿನ ಸದ್ದು ಎದೆಗೆ ಬಡಿಯುತ್ತದೆ. ಕಾರ್ಖಾನೆಗಳ ನಿಯಮದ ಪ್ರಕಾರ ದಿನಕ್ಕೆ 8 ತಾಸು ಕೆಲಸ ಮಾಡುವವರ ಕಿವಿಗೆ 90 ಡೆಸಿಬೆಲ್ಲಿಗಿಂತ ಹೆಚ್ಚು ಸದ್ದು ಬೀಳಬಾರದು. ಸಾಲಾಗಿ ಮಗ್ಗ ಓಡುವ ಶೆಡ್ಡಿನಲ್ಲಿ ಸದ್ದು ಆ ಮಟ್ಟಕ್ಕೆ ಮುಟ್ಟುತ್ತದೆ, ದಾಟಿಯೂ ಹೋಗುತ್ತದೆ. ಬಹಳ ಕಡೆ ಆ ಶೆಡ್ಡು ಮನೆಯ ಪಡಸಾಲೆಗೇ ಅಂಟಿಕೊಂಡಿದೆ. ಗಂಡ ಲಾಳಿ ನೋಡಿಕೊಂಡರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಮಕ್ಕಳು ಅದೇ ಸದ್ದಿನಲ್ಲಿ ಓದುತ್ತವೆ. ನೇಕಾರರು ಮಗ್ಗ ನಿಂತ ಮೇಲೂ ಜೋರಾಗಿ ಮಾತಾಡುತ್ತಾರೆ ಎಂಬುದು ನಮ್ಮೂರಿನ ಎಲ್ಲರಿಗೂ ಗೊತ್ತು. ಕಿವಿ ಹಾಗೆ ರೂಢಿಯಾಗಿದೆ. ಈ ಕಿವಿಗೆ ಒಂದು ತಾಸಿನ ಊಟದ ಬಿಡುವು ಸಾಲದು. ಒಂದು ರಾತ್ರಿ ಬೇಕು, ಅದರ ಮರುದಿನ ಬೇಕು. ಮೊದಲ ರಾತ್ರಿ ಎಷ್ಟೋ ಮಂದಿಗೆ ನಿದ್ದೆಯೇ ಬರುವುದಿಲ್ಲ, ಸದ್ದಿಲ್ಲದ್ದಕ್ಕೆ ಎಚ್ಚರವಾಗುತ್ತದೆ. ಎರಡನೆಯ ರಾತ್ರಿ ಮೈ ಮರೆಯುವ ನಿದ್ದೆ.

ಆ ಮೊದಲ ರಾತ್ರಿಯ ಎಚ್ಚರವನ್ನು ವ್ಯರ್ಥ ಮಾಡಬೇಡಿ. ಕೌದಿ ಹೊದ್ದು ಅಂಗಳಕ್ಕೆ ಬನ್ನಿ. ಜನವರಿಯ ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ತೋಟದ ಹಿರಿಯರು ಮಕ್ಕಳನ್ನು ಕೂಡಿಸಿಕೊಂಡು ತೋರಿಸುವಂಥದ್ದೊಂದು ಆಕಾಶದಲ್ಲಿದೆ. ನೆತ್ತಿಯ ಹತ್ತಿರ ಗೊಂಚಲಾಗಿ ಕೃತ್ತಿಕೆ, ಅದರ ಪಕ್ಕ ಕೆಂಪಗೆ ರೋಹಿಣಿ, ಕೆಳಗೆ ಮೂರು ಚುಕ್ಕಿ ಸಾಲಾಗಿ ನಿಂತ ಮಿರಗದ ಗುಂಪು, ಅಲ್ಲೇ ಬಗಲಿಗೆ ಆರಿದ್ರ. ಇವೆಲ್ಲ ನಮ್ಮ ಮಳೆಗಳ ಹೆಸರು. ರೋಹಿಣಿ ಮಳೆ ಮೇ 25ರ ಸುಮಾರಿಗೆ, ಮಿರಗದ ಮಳೆ ಜೂನ್ 7, 8ಕ್ಕೆ, ಆರಿದ್ರ ಜೂನ್ 21, 22ಕ್ಕೆ ಹುಟ್ಟುತ್ತದೆ ಎಂದು ರೈತನ ಮನೆಯ ಮಗುವಿಗೂ ಗೊತ್ತು. ಆದರೆ ಮಿರಗದ ಮಳೆಯ ಹೊತ್ತಿಗೆ ಆ ಚುಕ್ಕಿಗಳು ಕಾಣುವುದಿಲ್ಲ. ಆಗ ಸೂರ್ಯ ಅದೇ ನಕ್ಷತ್ರದಲ್ಲಿರುತ್ತಾನೆ, ಚುಕ್ಕಿಗಳು ಹಗಲ ಬೆಳಕಿನಲ್ಲಿ ಮುಳುಗಿಹೋಗಿರುತ್ತವೆ. ಅರ್ಧ ವರ್ಷ ಕಳೆದು ಚಳಿಗಾಲ ಬಂದಾಗ ಮುಂಗಾರಿನ ಮಳೆಗಳೆಲ್ಲ ಒಂದರ ಪಕ್ಕ ಒಂದು ಹೆಸರು ಹಿಡಿದು ನಿಂತಂತೆ ಇಡೀ ಆಕಾಶದಲ್ಲಿ ಕಾಣುತ್ತವೆ. ಊರಿನ ಬೀದಿದೀಪದ ಕೆಳಗೆ ನಿಂತು ಇದನ್ನು ಕಲಿಸಲಾಗದು. ನಮ್ಮ ಅಜ್ಜ ಮುತ್ತಜ್ಜಂದಿರು ಬಿತ್ತನೆಯ ಲೆಕ್ಕವನ್ನು ಯಾವ ಪುಸ್ತಕದಿಂದ ಓದಿದರು ಎಂದು ಮಕ್ಕಳಿಗೆ ತಿಳಿಯಬೇಕಾದರೆ ತೋಟದ ಕತ್ತಲೆಯೇ ಬೇಕು.

ಇನ್ನು ಮರುದಿನ. ಮರುದಿನದ ರಾಜ ಸೀತನಿ, ಅಂದರೆ ಹಸಿ ಜೋಳದ ತೆನೆ ಸುಟ್ಟು ತಿಕ್ಕಿ ತೆಗೆದ ಕಾಳು.

ಸೀತನಿಯ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಹತ್ತು ಹನ್ನೆರಡು ವರ್ಷದ ನಮ್ಮೂರ ಮಕ್ಕಳಲ್ಲಿ ಕೆಲವರಿಗೆ ಇದರ ರುಚಿಯೇ ಗೊತ್ತಿಲ್ಲ. ಹಿಂಗಾರಿ ಜೋಳ ಬಿತ್ತಿ ಮೂರು ತಿಂಗಳಾಗುವ ಹೊತ್ತಿಗೆ ತೆನೆಯೊಳಗಿನ ಹಾಲು ಗಟ್ಟಿಯಾಗತೊಡಗುತ್ತದೆ. ಕಾಳು ಇನ್ನೂ ಹಸಿರು, ಉಗುರಿನಿಂದ ಒತ್ತಿದರೆ ಹಿಟ್ಟಿನಂತೆ ನುಣ್ಣಗೆ ಒಡೆಯುತ್ತದೆ. ಒಳಗಿನ ಸಕ್ಕರೆಯ ಅಂಶ ಪೂರ್ತಿ ಪಿಷ್ಟವಾಗಿರುವುದಿಲ್ಲ. ಅದಕ್ಕೇ ಆ ಸಿಹಿ. ಒಂದು ಹೊಲದಲ್ಲಿ ಈ ಹದ ಎಂಟು ಹತ್ತು ದಿನ ಸಿಕ್ಕರೆ ಹೆಚ್ಚು. ರೊಟ್ಟಿಗೆಂದು ಬೆಳೆಯುವ ಮಾಲದಂಡಿ ಜೋಳದಲ್ಲೂ ಸೀತನಿಯಾಗುತ್ತದೆ. ಆದರೆ ಸೀತನಿಗೆಂದೇ ಹಿರಿಯರು ಕಾಪಾಡಿಕೊಂಡು ಬಂದ ತಳಿಗಳಿವೆ. ಸಕ್ಕರಿ ಮುಕ್ಕರಿ ಜೋಳ ಅಂಥದ್ದು. ಬಲ್ಲವರು ಬದುವಿಗೆ ಹತ್ತಿದ ನಾಲ್ಕು ಸಾಲು ಅದನ್ನೇ ಬಿತ್ತುತ್ತಿದ್ದರು.

ಸುಡುವುದು ಕಲೆ. ಒಂದು ಮೊಳ ಆಳದ ಕುಣಿ ತೋಡಿ ಕುಳ್ಳು ಹಚ್ಚಬೇಕು. ಉರಿ ಇಳಿದು ಕೆಂಡವಾಗುವವರೆಗೆ ಕಾಯಬೇಕು. ಅವಸರ ಮಾಡಿದವರ ತೆನೆ ಮೇಲೆ ಕರಕು, ಒಳಗೆ ಹಸಿ. ಕೆಂಡದಲ್ಲಿ ತೆನೆ ಹುಗಿದು, ತಿರುವಿ, ಹೊಗೆಯ ವಾಸನೆ ಸಿಹಿಗೆ ತಿರುಗಿದಾಗ ತೆಗೆಯಬೇಕು. ತೆಗೆದ ತೆನೆಯನ್ನು ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಬೇಕು, ಮೊರದಲ್ಲಿ ಹಾಕಿ ಹೊಟ್ಟು ಊದಬೇಕು. ಕೈ ಸುಡುತ್ತದೆ. ಆದರೂ ತಡ ಮಾಡುವಂತಿಲ್ಲ, ಆರಿದ ಸೀತನಿಗೆ ಆ ಮೆದುತನ ಇರುವುದಿಲ್ಲ. ಜೊತೆಗೆ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಒಂದು ಚೂರು ಬೆಲ್ಲ. ಕಡಲೆ ಹೊಲ ಹತ್ತಿರವಿದ್ದರೆ ಸುಲಗಾಯಿ. ಒಬ್ಬ ಸುಡುತ್ತಾನೆ, ಇಬ್ಬರು ತಿಕ್ಕುತ್ತಾರೆ, ಸುತ್ತ ಕೂತವರು ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಬ್ಬರೇ ಕೂತು ತಿನ್ನುವ ತಿಂಡಿ ಇದಲ್ಲ. ಸುಡುವವನಿಗೆ ತಿನ್ನುವವರು ಬೇಕು, ತಿನ್ನುವವರಿಗೆ ಸುಡುವವನು ಬೇಕು. ಮಾತು ಮಾತಿಗೆ ಹತ್ತಿ, ಮಧ್ಯಾಹ್ನ ಯಾವಾಗ ಸಂಜೆಯಾಯಿತೋ ತಿಳಿಯುವುದಿಲ್ಲ.

ಇಲ್ಲಿ ಒಂದು ಮಾತನ್ನು ತೋಟಕ್ಕೆ ಹೋಗುವ ಅತಿಥಿಗಳಿಗೆ ಹೇಳಲೇಬೇಕು. ನಮ್ಮ ಆರಾಮು ತೋಟದ ಮನೆಯ ಹೆಣ್ಣುಮಗಳ ಮೈಮೇಲೆ ಬೀಳಬಾರದು. ಹತ್ತು ಮಂದಿ ಬಂದರೆ ಐವತ್ತು ರೊಟ್ಟಿ ಬಡಿಯುವವಳು ಅವಳು, ನಸುಕಿಗೆ ಎದ್ದು ಹಾಲು ಹಿಂಡುವವಳು ಅವಳು. ಅವಳಿಗೂ ಎಲ್ಲರಂತೆ ಎರಡು ದಿನದ ಬಿಡುವು ಬೇಕು. ಅದಕ್ಕೆ ದಾರಿ ನಮ್ಮ ಅಡಿಗೆಯಲ್ಲೇ ಇದೆ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಅತಿಥಿಗಳೇ ಬುಟ್ಟಿ ತುಂಬ ಒಯ್ಯಲಿ. ಚಟ್ನಿ ಒಯ್ಯಲಿ, ಚಹಾಪುಡಿ ಒಯ್ಯಲಿ. ಸೀತನಿಯ ಒಲೆ ಗಂಡಸರದ್ದು, ಹಿಂದಿನಿಂದಲೂ ಗಂಡಸರದ್ದೇ. ರಾತ್ರಿಯ ಹಿಟ್ಟಿನ ಪಲ್ಯವನ್ನೂ ಅವರೇ ಮಾಡಲಿ. “ಅಕ್ಕಾ, ಇವತ್ತ ನೀವು ಕುಂಡರ್ರಿ, ನಾವು ನೋಡ್ಕೋತೀವಿ” ಎಂದು ಹೇಳಿ ಹಾಗೆಯೇ ನಡೆದುಕೊಂಡ ಅತಿಥಿಯನ್ನು ಆ ಮನೆ ಮರುವರ್ಷ ತಾನಾಗಿಯೇ ಕರೆಯುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇನ್ನೂ ಒಂದು ಎಚ್ಚರ. ಹೊಳೆ ಹತ್ತಿರವಿದೆಯೆಂದು ನೀರಿಗೆ ಇಳಿಯಬೇಡಿ. ನಮ್ಮ ಕೃಷ್ಣೆಯಲ್ಲಿ ಮೊಸಳೆಗಳಿವೆ. ದಂಡೆಯ ಮೇಲೆ ಬಿಸಿಲಿಗೆ ಮಲಗಿದ್ದನ್ನು ಕಂಡವರು ಬಹಳ. ದೂರದಿಂದ ನೋಡಿ. ಚಳಿಗಾಲದ ಬೆಳಗಿನಲ್ಲಿ ನೀರಿನ ಮೇಲಿನ ಮಂಜು ಏಳುವುದನ್ನು, ಬೆಳ್ಳಕ್ಕಿಗಳು ಸಾಲುಗಟ್ಟಿ ಹೋಗುವುದನ್ನು, ಕಬ್ಬಿನೊಳಗಿಂದ ನವಿಲು ಹೊರಬಂದು ಬದುವಿನ ಮೇಲೆ ನಡೆಯುವುದನ್ನು ದಂಡೆಯಿಂದ ನೋಡಿದರೆ ಸಾಕು. ಕೆಲವು ತೋಟಗಳಲ್ಲಿ ಮುಧೋಳ ನಾಯಿ ಸಾಕಿರುತ್ತಾರೆ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದ ನಾಯಿ ಅದು; ತೆಳು ಹೊಟ್ಟೆ, ಉದ್ದ ಕಾಲು, ಕಣ್ಣಳತೆಯಲ್ಲಿ ಬೇಟೆ ಹಿಡಿಯುವ ಜಾತಿ. ಬಯಲಿನಲ್ಲಿ ಅದು ಓಡುವುದನ್ನು ಮಕ್ಕಳು ಒಮ್ಮೆ ನೋಡಬೇಕು.

ಚಳಿಗಾಲದ ಆ ಹೊತ್ತಿಗೆ ತೋಟದಲ್ಲಿ ನೋಡಲು, ಕೈ ಹಚ್ಚಲು ಬಹಳವಿದೆ. ತೇರದಾಳದ ಅರಿಷಿಣ ಹೆಸರು ಮಾಡಿದ ಬೆಳೆ. ಮುಂಗಾರಿನ ಮೊದಲು ನೆಲಕ್ಕೆ ಹೋದ ಗಡ್ಡೆ ಒಂಬತ್ತು ತಿಂಗಳು ಕಳೆದು ಹೊರಗೆ ಬರುತ್ತದೆ. ಅದನ್ನು ಕುದಿಸಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಡ್ರಮ್ಮಿನಲ್ಲಿ ತಿರುವಿ ಹೊಳಪು ಕೊಟ್ಟು ಸಾಂಗಲಿಯ ಪೇಟೆಗೆ ಕಳಿಸುತ್ತಾರೆ. ಕುದಿಸುವ ದಿನ ಇಡೀ ತೋಟಕ್ಕೆ ಆ ವಾಸನೆ. ಮಹಾಲಿಂಗಪುರದ ದಿಕ್ಕಿನಲ್ಲಿ ಗಾಣದ ಮನೆಗಳಿವೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಬೆಲ್ಲವಾಗುವುದನ್ನು ನೋಡಿ, ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಹತ್ತಿಸಿಕೊಂಡು ತಿಂದ ಮಗು ಅದನ್ನು ಮರೆಯಲಾರದು. ತೇರದಾಳ ಊರಿನಲ್ಲಿ 1123ರ ಶಾಸನವಿರುವ ನೇಮಿನಾಥ ಬಸದಿ, ಅಂದರೆ ಗೊಂಕ ಜಿನಾಲಯವಿದೆ. ಜಮಖಂಡಿಯ ಹೊರಗೆ ಪಟವರ್ಧನ ಅರಸರ ಅರಮನೆಯಿರುವ ರಾಮತೀರ್ಥದ ಗುಡ್ಡವಿದೆ. ಬೀಳಗಿ, ಮುಧೋಳದ ಕಡೆ ಯಡಹಳ್ಳಿಯ ಕುರುಚಲು ಕಾಡಿದೆ, 2016ರಲ್ಲಿ ಚಿಂಕಾರ ಜಿಂಕೆಗಳಿಗಾಗಿ ವನ್ಯಜೀವಿ ಧಾಮವಾಯಿತು. ಬಸದಿ, ಅರಮನೆ, ಕಾಡುಗಳನ್ನು ಬೇರೊಂದು ದಿನ ನೋಡಿ. ಎರಡು ದಿನದಲ್ಲಿ ಎಲ್ಲವನ್ನೂ ನೋಡಲು ಓಡಾಡಿದರೆ ಅದು ಮತ್ತೆ ದುಡಿಮೆಯೇ.

ಬಿಡುವು ಎಂದರೆ ನನಗೆ ನೆನಪಾಗುವುದು ನಮ್ಮ ತೇರದಾಳದ ದೈವ ಅಲ್ಲಮಪ್ರಭು. ಪ್ರಭುದೇವರ ಗುಡಿಗೆ ಕೈಮುಗಿಯದೆ ನಮ್ಮಲ್ಲಿ ಯಾವ ಕೆಲಸವೂ ಶುರುವಾಗದು. ಆ ಪ್ರಭು ಗೊಗ್ಗಯ್ಯನೆಂಬ ತೋಟಿಗನನ್ನು ಕಂಡ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಗೊಗ್ಗಯ್ಯ ತನ್ನ ತೋಟದ ಕೆಲಸದಲ್ಲಿ ಮುಳುಗಿದ್ದ. ಪ್ರಭು ಅವನೊಡನೆ ಮಾತಿಗೆ ನಿಂತದ್ದು ತೋಟದ ಮಾತಿನಲ್ಲೇ. ಅಗೆಯುವುದು, ಬದು ಕಟ್ಟುವುದು, ಸಸಿ ನೆಡುವುದು, ನೀರು ಹಾಯಿಸುವುದು, ಇವೇ ಅಲ್ಲಿ ಒಳಗಿನ ಸಾಧನೆಯ ಹೆಸರುಗಳಾದವು. ಅಂಥ ದೊಡ್ಡ ಜ್ಞಾನಿಗೆ ತೋಟದ ಬದುವಿನ ಮೇಲೆ ನಿಂತು ಮಾತಾಡಲು ಬಿಡುವಿತ್ತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಈಗ ಮನಸ್ಸಿನ ನೋವು ಹೇಳುತ್ತೇನೆ. ಸೀತನಿಗೆ ಕರೆಯಲು ಬಹಳ ತೋಟಗಳಲ್ಲಿ ಜೋಳವೇ ಉಳಿದಿಲ್ಲ. ಇದರ ಹಿಂದೆ ಒಂದು ದೊಡ್ಡ ಒಳ್ಳೆಯ ಕೆಲಸವೂ ಇದೆ, ಅದನ್ನು ಮರೆಯಬಾರದು. ಬೇಸಿಗೆಯಲ್ಲಿ ಒಣಗಿ ಮರಳು ಕಾಣುತ್ತಿದ್ದ ಕೃಷ್ಣೆಗೆ 1989ರಲ್ಲಿ ಜಮಖಂಡಿ ತಾಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಚಿಕ್ಕಪಡಸಲಗಿಯ ಹತ್ತಿರ ತಾವೇ ವಂತಿಗೆ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಅದರ ಹೆಸರು ಸುಮ್ಮನೆ ಬಂದದ್ದಲ್ಲ. ಮುಂದೆ ಹಿಪ್ಪರಗಿಯ ಬ್ಯಾರೇಜೂ ಆಯಿತು. ನೀರು ನಿಂತಿತು, ಪಂಪು ಕೂತವು, ಒಣ ಬೇಸಾಯದ ಹೊಲಗಳು ತೋಟಗಳಾದವು. ನಾನು ಹೊಗಳುತ್ತಿರುವ ತೋಟದ ಮನೆಗಳಲ್ಲಿ ಎಷ್ಟೋ ಆ ನೀರಿನಿಂದಲೇ ಎದ್ದವು. ಆದರೆ ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು, ಬದುವಿನವರೆಗೂ ಕಬ್ಬಾಯಿತು. ಅತಿ ನೀರು ನಿಂತ ಕಡೆ ಭೂಮಿ ಸವಳಾಗಿದ್ದೂ ಇದೆ.

“ಯಾಕ ಕಾಕಾ, ಈ ವರ್ಷ ಒಂದ್ ನಾಕ್ ಸಾಲೂ ಜ್ವಾಳ ಹಾಕಿಲ್ಲೇನು?” ಎಂದು ಕೇಳಿದರೆ ರೈತರು ಕೊಡುವ ಉತ್ತರ ನ್ಯಾಯವಾದದ್ದೇ: “ಎಲ್ಲಿ ಹಾಕೂದೋ ತಮ್ಮಾ, ಸುತ್ತೆಲ್ಲಾ ಕಬ್ಬು. ನಡಕ ನನ್ನದೊಂದ ತುಕಡಿ ಜ್ವಾಳ ಇದ್ರ ಊರಾನ ಹಕ್ಕಿ ಎಲ್ಲಾ ಅಲ್ಲೇ ಬಂದ ಬೀಳ್ತಾವು.” ನಿಜ. ಮೊದಲು ಸಾವಿರ ಎಕರೆ ಜೋಳವಿದ್ದಾಗ ಹಕ್ಕಿ ತಿಂದದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಕವಣಿ ಹಿಡಿದ ಒಬ್ಬ ಹುಡುಗ ಅಟ್ಟಣಿಗೆಯ ಮೇಲೆ ನಿಂತರೆ ಸಾಕಾಗುತ್ತಿತ್ತು. ಒಬ್ಬನೇ ಹಾಕಿದರೆ ಹಕ್ಕಿಯ ಪಾಲು. ನಾಲ್ಕೈದು ತೋಟದವರು ಕೂಡಿ ಹತ್ತಿರ ಹತ್ತಿರ ಜೋಳ ಬಿತ್ತಿದರೆ ಹಕ್ಕಿಗೂ ಉಂಟು, ನಮಗೂ ಉಂಟು.

ಪಕ್ಕದ ಮಹಾರಾಷ್ಟ್ರದಲ್ಲಿ ಇದೇ ಸೀತನಿಗೆ ಹುರಡಾ ಎನ್ನುತ್ತಾರೆ. ಪುಣೆ, ಸೊಲ್ಲಾಪುರದ ಸುತ್ತ ಚಳಿಗಾಲದಲ್ಲಿ ನಗರದವರು ದುಡ್ಡು ಕೊಟ್ಟು ಹೊಲಕ್ಕೆ ಹೋಗಿ ಹುರಡಾ ತಿಂದು ಬರುತ್ತಾರೆ. ಅಲ್ಲಿನ ಸರ್ಕಾರ 2020ರಲ್ಲಿ ಕೃಷಿ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿ ತಂದಿತು. ಕಬ್ಬಿನ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವ ನಮ್ಮ ರೈತರಿಗೂ ಇದೊಂದು ಆಧಾರವಾಗಬಹುದು. ಬೇಡವೆನ್ನುವ ಹಕ್ಕು ನನಗಿಲ್ಲ. ಆದರೆ ದುಡ್ಡು ಕೊಡಲಾಗದ ನೇಕಾರ ಕುಟುಂಬ ಅದರಿಂದ ಹೊರಗೆ ಉಳಿಯಬಾರದು ಎಂಬುದು ನನ್ನ ಆಸೆ.

ದುಡಿಯುವ ಕುಟುಂಬಗಳಿಗೂ ಇಂಥ ಬಿಡುವು ಸಿಕ್ಕ ರಷ್ಯಾದ ಒಂದು ಸಂಗತಿ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಕಾರ್ಖಾನೆಗಳ ಮೂಲಕ ಕೆಲಸಗಾರರಿಗೆ ನಗರದ ಹೊರಗೆ ತುಂಡು ಭೂಮಿ ಹಂಚಿದರು. ರೂಢಿಯಲ್ಲಿದ್ದ ಅಳತೆ 600 ಚದರ ಮೀಟರು, ನಮ್ಮ ಲೆಕ್ಕದಲ್ಲಿ ಸುಮಾರು 6 ಗುಂಟೆ. ಅದರಲ್ಲಿ ಒಂದು ಸಣ್ಣ ಕಟ್ಟಿಗೆಯ ಮನೆ, ಬಟಾಟೆ, ಸೌತೆ, ಹಣ್ಣಿನ ಗಿಡ. ಡಾಚಾ ಎನ್ನುತ್ತಾರೆ ಅದಕ್ಕೆ. ಶುಕ್ರವಾರ ಸಂಜೆ ಯಂತ್ರ ನಿಲ್ಲಿಸಿದ ಕೆಲಸಗಾರರು ಸಂಸಾರ ಸಮೇತ ರೈಲು ಹತ್ತಿ ಅಲ್ಲಿಗೆ ಹೋಗುವುದು ಆ ದೇಶದ ರೂಢಿಯಾಯಿತು, ಈಗಲೂ ಇದೆ. ಯಂತ್ರದ ಮುಂದೆ ದುಡಿಯುವವನಿಗೆ ಮಣ್ಣಿನ ಮೇಲೆ ಎರಡು ದಿನ ಬೇಕೆಂದು ಅವರು ಕಂಡುಕೊಂಡರು. ನಮ್ಮಲ್ಲಿ ಯಾರೂ ಭೂಮಿ ಹಂಚಬೇಕಾಗಿಲ್ಲ. ಮಗ್ಗದ ಮನೆಯೂ ಇಲ್ಲೇ ಇದೆ, ತೋಟದ ಮನೆಯೂ ಇಲ್ಲೇ ಇದೆ, ನಡುವೆ ಇರುವುದು ನಾಲ್ಕೈದು ಮೈಲಿಯ ದಾರಿ. ಆ ತೋಟದವರು ಉಡುವ ಸೀರೆ ಈ ಮಗ್ಗದವರು ನೇಯ್ದದ್ದು, ಈ ಮಗ್ಗದವರು ಉಣ್ಣುವ ರೊಟ್ಟಿ ಆ ತೋಟದವರು ಬೆಳೆದದ್ದು. ತಲೆತಲಾಂತರದ ಕೊಡುಕೊಳ್ಳುವಿಕೆ ಇದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ತೋಟದ ಬಂಧುಗಳೆ, ಹಿಂಗಾರಿ ಜೋಳದ ಬಿತ್ತನೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಈ ಸಲ ಅಕ್ಕಪಕ್ಕದವರನ್ನು ಕೂಡಿಸಿಕೊಂಡು ತಲಾ 6 ಗುಂಟೆ ಬಿಡಿ. ಸಕ್ಕರಿ ಮುಕ್ಕರಿಯ ಬೀಜ ಯಾರ ಮನೆಯಲ್ಲಿದೆಯೆಂದು ಈಗಲೇ ವಿಚಾರಿಸಿ, ಇದ್ದವರು ಇಲ್ಲದವರಿಗೆ ಒಂದು ಸೇರು ಕೊಡಿ. ಎಳ್ಳಮವಾಸ್ಯೆ ಕಳೆದ ಮೇಲೆ ಗೊತ್ತಿರುವ ಒಂದು ನೇಕಾರ ಮನೆಗೆ ಹೋಗಿ, “ಈ ಶನಿವಾರ ಎಲ್ಲಾರೂ ತೋಟಕ್ಕ ಬರ್ರಿ, ಉಳಿಯಾಕ ಬರ್ರಿ” ಎಂದು ಬಾಯಿತುಂಬ ಕರೆಯಿರಿ. ನೇಕಾರ ಬಂಧುಗಳೆ, ಕರೆದಾಗ ಮಗ್ಗ ನಿಲ್ಲಿಸಿ ಹೋಗಿ. ರೊಟ್ಟಿಯ ಬುಟ್ಟಿ ಜೊತೆಗಿರಲಿ.